ಮೂರು ಸುತ್ತು ತಂತಿ

ದೋಣಿ ಮೋಟಾರು ರಿಪೇರಿಯ ಮೇಸ್ತ್ರಿಗೆ ಎಪ್ಪತ್ತಾದರೂ ಕೈ ನಡುಗುವುದಿಲ್ಲ. ಅವನು ಮೂರು ಸುತ್ತು ಸುತ್ತಿ, ತುದಿ ಒಳಕ್ಕೆ ಮಡಚಿದ ತಂತಿಯನ್ನು ಬ್ರಹ್ಮ ಬಂದರೂ ಬಿಚ್ಚಲಾರ ಎಂದು ಗಿರಾಕಿಗಳು ನಗುತ್ತಾರೆ. ಅವನು ಮಾತ್ರ ನಗುವುದಿಲ್ಲ.

ಇಪ್ಪತ್ತೈದರ ಹರೆಯದಲ್ಲಿ ಅವನಿಗೂ ತಂಗಿಯ ಗಂಡನಿಗೂ ವೇಗದ ಹುಚ್ಚು ನೆತ್ತಿಗೇರಿತ್ತು. ಹಳೇ ಮೋಟಾರೊಂದರ ಎಂಜಿನ್ ಹೆಡ್ ಉಜ್ಜಿ ತೆಳ್ಳಗೆ ಮಾಡಿ, ಸೈಲೆನ್ಸರ್ ಕತ್ತರಿಸಿ, ದಡದವರ ಕಿವಿ ಕಿತ್ತುಹೋಗುವಂತೆ ಓಡಿಸುತ್ತಿದ್ದರು. ಮೂರು ಸಲ ಬಡಿದು ಒಮ್ಮೆ ಉಸಿರು ಹಿಡಿಯುವುದು ಅದರ ಸದ್ದು.

ದೋಣಿ ಪಂದ್ಯದಲ್ಲಿ ಓಡಿಸುವವನು ಭಾವ, ಆ ತಂಗಿಯ ಗಂಡ; ಅವನ ಮಣಿಕಟ್ಟಿಗೊಂದು ದಾರ. ಅವನು ನೀರಿಗೆ ಬಿದ್ದರೆ ದಾರದ ಕ್ಲಿಪ್ಪು ಸ್ವಿಚ್ಚಿನ ಗುಂಡಿಯಿಂದ ಕಳಚಿ ಮೋಟಾರು ನಿಲ್ಲಬೇಕು. ಆದರೆ ಅಲೆಗೆ ಕುಲುಕಿದಾಗಲೂ ಕಳಚಿ ಎರಡು ಪಂದ್ಯ ಕೈತಪ್ಪಿದವು. ಮೂರನೆಯ ಪಂದ್ಯದ ಬೆಳಗ್ಗೆ, ಕ್ಲಿಪ್ಪು ಕಳಚಿದರೂ ಗುಂಡಿ ಒಳಗಿಳಿಯದಂತೆ, ಮೇಸ್ತ್ರಿ ಅದರ ಕೆಳಗೆ ತಂತಿ ಸುತ್ತಿಬಿಟ್ಟ. ದಾರ ಇನ್ನು ಬರೀ ಶೋಕಿಗೆ. ಭಾವ ಬೈದಾನೆಂದು ಹೇಳಲಿಲ್ಲ.

ತಿರುವಿನಲ್ಲಿ ಭಾವ ಬಿದ್ದ. ಖಾಲಿ ದೋಣಿ ನಿಲ್ಲದೆ ಅವನ ಸುತ್ತಲೇ ಸುತ್ತತೊಡಗಿತು, ಸುತ್ತು ಕಿರಿದಾಗುತ್ತ ಬಂತು. ಹತ್ತಿರ ಹೋಗುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವನು ಕೂಗಲಿಲ್ಲ, ದಾರ ಕಟ್ಟಿದ ಕೈಯನ್ನು ಎತ್ತಿ ಎತ್ತಿ ದಡಕ್ಕೆ ತೋರಿಸಿದ. ಪೆಟ್ರೋಲು ಮುಗಿದು ದೋಣಿ ನಿಂತಾಗ ನೀರಿನ ಮೇಲೆ ಯಾರೂ ಇರಲಿಲ್ಲ.

"ಸ್ವಿಚ್ ಕೆಟ್ಟಿತ್ತಮ್ಮ," ಎಂದ ತಂಗಿಗೆ. ಮೋಟಾರನ್ನು ಮುಟ್ಟಲೂ ಆಗದೆ ಗುಜರಿಗೆ ಸಾಗಹಾಕಿದ. ನಲವತ್ತೈದು ವರ್ಷ ನಿಜ ಹೊಟ್ಟೆಯಲ್ಲೇ ಇತ್ತು.

ಮೊನ್ನೆ ಮಧ್ಯಾಹ್ನ ಗಿರಾಕಿಯೊಬ್ಬ ಹೊಸ ಬಣ್ಣ ಬಳಿದ ಹಳೇ ಮೋಟಾರು ಇಳಿಸಿದ. "ಸ್ಟಾರ್ಟ್ ಆಗುತ್ತೆ, ಆಫೇ ಆಗಲ್ಲ. ನೋಡಿಡಿ," ಎಂದು ಹೋದ.

ಮೇಸ್ತ್ರಿ ಅದನ್ನು ನೀರಿನ ಡ್ರಮ್ಮಿಗಿಳಿಸಿ ಹಗ್ಗ ಎಳೆದ. ಮೂರು ಬಡಿತ, ಒಂದು ಉಸಿರು. ಬಗ್ಗಿ ನೋಡಿದರೆ ಗುಂಡಿಯ ಕೆಳಗೆ, ಬಣ್ಣದಡಿಯಲ್ಲಿ, ತಂತಿ.

ಸದ್ದು ಕೇಳಿ, ಅಂಗಡಿಯ ಮೇಲಿನ ಮನೆಯಿಂದ ಮೆಟ್ಟಿಲಿಳಿದು ತಂಗಿ ಬಂದೇಬಿಟ್ಟಳು.

"ಅಣ್ಣಾ, ಇದು ಅವರ ಮೋಟಾರಲ್ವಾ?"

"ಹಳೇವೆಲ್ಲ ಹೀಗೇ ಕೂಗೋದು. ನೀ ಮೇಲೆ ಹೋಗು."

ಅವಳು ಹೋಗಲಿಲ್ಲ. ಜೋತಾಡುತ್ತಿದ್ದ ದಾರವನ್ನು ತನ್ನ ಮಣಿಕಟ್ಟಿಗೆ ಹಾಕಿಕೊಂಡು ಹಿಂದೆ ಸರಿದಳು. ಕ್ಲಿಪ್ಪು ಕಳಚಿತು. ಮೋಟಾರು ನಿಲ್ಲಲಿಲ್ಲ. ಕ್ಲಿಪ್ಪು ಸಿಕ್ಕಿಸಿ ಮತ್ತೆ ಸರಿದಳು. ನಿಲ್ಲಲಿಲ್ಲ.

ಆಮೇಲೆ ಗುಂಡಿಯ ಹತ್ತಿರ ಬಗ್ಗಿದಳು. ಅವಳ ಕನ್ನಡಕದ ಕಡ್ಡಿ ಮುರಿದಿದ್ದನ್ನು ಕಳೆದ ವಾರವಷ್ಟೇ ಅಣ್ಣ ತಂತಿ ಸುತ್ತಿ ಕೊಟ್ಟಿದ್ದ. ಬೆರಳಿನಿಂದ ಮೊದಲು ಆ ಸುತ್ತುಗಳನ್ನು ಎಣಿಸಿದಳು, ನಂತರ ಈ ಸುತ್ತುಗಳನ್ನು.

"ಸ್ವಿಚ್ ಕೆಟ್ಟಿತ್ತು ಅಂದಿದ್ದೆ."

ಮೇಸ್ತ್ರಿ ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ.

"ಅವತ್ತು ಆ ದಾರ ಕಟ್ಟಿ ಕಳಿಸಿದ್ದು ನಾನು ಕಣಣ್ಣ. ಇದೊಂದಿದ್ರೆ ಏನೂ ಆಗಲ್ಲ ಅಂತ ಹೇಳಿ ಕಟ್ಟಿದ್ದೆ."

ಮೋಟಾರು ನಿಲ್ಲಿಸಲು ಅವನು ಪೆಟ್ರೋಲಿನ ಪೈಪಿಗೆ ಕೈ ಹಾಕಿದ.

"ಬಿಡು," ಎಂದಳು ತಂಗಿ. "ಅವತ್ತಿನ ಹಾಗೇ ತಾನಾಗಿ ನಿಲ್ಲಲಿ."

ಡ್ರಮ್ಮಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ನೀರು ಗಿರ್ರನೆ ಸುತ್ತುತ್ತಿತ್ತು. ಪೆಟ್ರೋಲು ಇನ್ನೂ ಅರ್ಧ ಟ್ಯಾಂಕು ಇತ್ತು.