ಸಂತ ಪೇಟ್ಕಾಳ ಕಣ್ಣು

ದಾಫಿನಾ ಒಂದು ಕಡೆ ಕೂತವಳಲ್ಲ. ಕುರಿ ಮೇಯಿಸಿದಳು, ತಂಬಾಕಿನ ಎಲೆ ಪೋಣಿಸಿದಳು, ಗಂಡನನ್ನು ಮಣ್ಣು ಮಾಡಿದಳು. ಬೆಟ್ಟದ ಮೇಲಿನ ವರ್ಬಿನೊದಲ್ಲಿ ಒಂದೊಂದೇ ಒಲೆ ಆರುತ್ತ ಬಂದು ಊರೇ ಖಾಲಿಯಾದಾಗ, ಮಗ ರಿಸ್ತೆಯ ಜೊತೆ ಪ್ರಿಲೆಪ್ ಪಟ್ಟಣಕ್ಕೆ ಇಳಿದಳು. ಎಪ್ಪತ್ತೆಂಟಾದರೂ ಕಾಲಿಗೆ ಚಕ್ರ. ಆದರೆ ಆ ಪಾಳೂರಿನ ಇಗರ್ಜಿಯನ್ನು ದುರಸ್ತಿ ಮಾಡುತ್ತಿದ್ದಾರೆಂದು ಕೇಳಿದ ಮೇಲೆ ಅವಳ ಚಡಪಡಿಕೆಯೇ ಬೇರೆಯಾಯಿತು. ಊರು ಬಿಟ್ಟವರೆಲ್ಲ ಶಿಲುಬೆಯ ಗುರುತು ಹಾಕಿಕೊಂಡು ಹಿಗ್ಗಿದರೆ, ಇವಳಿಗೆ ಮಾತ್ರ ಇಗರ್ಜಿಯ ಮಾಡು ಕುಸಿದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮಳೆ ಗೋಡೆಯನ್ನು ತೊಳೆದರೆ ತನ್ನ ತಪ್ಪೂ ತೊಳೆದು ಹೋದೀತೆಂಬ ಆಸೆ, ಪಾಪ.

ಕೆಲಸ ಮುಗಿದ ವಾರವೇ ಮಗನನ್ನು ಎಳೆದುಕೊಂಡು ಬೆಟ್ಟ ಹತ್ತಿದಳು. ಗೋಡೆಯ ಚಿತ್ರಗಳನ್ನು ಸರಿಮಾಡಿದ ಬೋರ್ಯಾನ್ ಎಂಬ ಯುವಕ, ಬಾಗಿಲಿಗೆ ಹಾಕಲಿರುವ ಫಲಕದ ಬರಹವನ್ನು ಓದಿ ಹೇಳಿದ: "ಸಂತರ ಕಣ್ಣುಗಳನ್ನು ಶತ್ರು ಸೈನಿಕರು ಕಿತ್ತರು." ಮಸಿ ತೊಳೆದ ಗೋಡೆಯಲ್ಲಿ, ಕೈಗೆಟಕುವ ಸಾಲಿನ ಸಂತರಿಗೆ ಕಣ್ಣಿರಬೇಕಾದಲ್ಲಿ ಬಿಳಿ ಗುಳಿಗಳಿದ್ದವು.

"ಯಾವ ಸೈನಿಕರು? ಸುಳ್ಳು," ಎಂದಳು ದಾಫಿನಾ.

ರಿಸ್ತೆ ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಮ್ಮ ಹೆಗಲು ಮುಟ್ಕೋತೀಯ?"

"ಕದ್ದೋಳು ನಾನೇ ಕಣೋ."

ಇಬ್ಬರೂ ಅವಳ ಮುಖ ನೋಡಿದರು.

"ಕಣ್ಣುಬೇನೆ ಬಂದ್ರೆ ಇನ್ನೇನ್ ಮಾಡ್ಬೇಕಿತ್ತಪ್ಪಾ? ಡಾಕ್ಟರು ಪಟ್ಟಣದಲ್ಲಿ, ದಾರಿ ತುಂಬ ಹಿಮ. ಸಂತರ ಕಣ್ಣು ಕೆರೆದು, ಆ ಪುಡಿ ನೀರಲ್ಲಿ ಕಲಸಿ ಹಚ್ತಿದ್ವಿ. ಇದು ನೆರೆಮನೆ ಮಿತ್ರಾ ಕೆರೆದದ್ದು, ಅವಳ ಮಾವನಿಗೆ. ಅದು ವೆಲಿಕಾ. ನೋಡು, ಒಂದೇ ಕಣ್ಣು ಹೋಗಿದೆ. ಅವಳ ಮಗಳಿಗೆ ಬೇನೆ ಇದ್ದದ್ದು ಒಂದೇ ಕಣ್ಣಿಗೆ, ಅಷ್ಟೇ ತಗೊಂಡ್ಲು."

ಸಂತ ಪೇಟ್ಕಾಳ ಚಿತ್ರದ ಮುಂದೆ ನಿಂತಳು. ಎರಡೂ ಕಣ್ಣಿರಲಿಲ್ಲ.

"ಇದು ನಂದು. ಆಗ ಇವನಿಗೆ ಮೂರು ತಿಂಗಳು. ಎಡಗಣ್ಣು ಕೀವು ಕಟ್ಟಿತ್ತು. ಬಲಗಣ್ಣಿಗೆ ಏನೂ ಆಗಿರ್ಲಿಲ್ಲ."

ರಿಸ್ತೆ ತನಗೇ ಗೊತ್ತಿಲ್ಲದೆ ಎಡಗಣ್ಣು ಮುಟ್ಟಿಕೊಂಡ.

"ಅವಳಿಗೆ ಒಂದಾದ್ರೂ ವಾಪಸ್ ಬರ್ಕೊಡು ಮಗಾ," ಎಂದು ದಾಫಿನಾ ಬೋರ್ಯಾನ್ ಕಡೆ ತಿರುಗಿ ಅಂಗಲಾಚಿದಳು. ಐವತ್ತು ವರ್ಷದಿಂದ ಅವಳು ಹೊತ್ತದ್ದು ಇದನ್ನೇ.

"ಆಗಲ್ಲ ಅಜ್ಜಿ. ಹೋದದ್ದನ್ನ ನಾವು ಹೊಸದಾಗಿ ಬರೆಯೋ ಹಾಗಿಲ್ಲ." ಬೋರ್ಯಾನ್ ತಲೆ ಕೆರೆದುಕೊಂಡ. "ಬೇಕಾದ್ರೆ ಫಲಕ ತಿದ್ತೀನಿ. ಏನಂತ ಬರೀಲಿ?"

ಅವಳು ತಲೆವಸ್ತ್ರದ ತುದಿಯನ್ನು ಹಿಂಡುತ್ತ ನಿಂತಳು. ಮಗನ ಕಡೆ ತಿರುಗಲಿಲ್ಲ.

"ದಾಫಿನಾ ತಗೊಂಡ್ಲು ಅಂತ ಬರಿ. ಒಂದು ಕಣ್ಣು ಮಗನ ಬೇನೆಗೆ. ಇನ್ನೊಂದು ಅವಳದೇ ಹೆದರಿಕೆಗೆ."