ಎರಡು ಅಮೆರಿಕನ್ ಕಾದಂಬರಿ, ಒಬ್ಬ ಅಕ್ಕ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕಾಗುಣಿತಮ್ಮ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವಳ ಕೆಲಸ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬಿಟ್ಟುಹೋದ ಒತ್ತಕ್ಷರ ಹುಡುಕುತ್ತಿದ್ದಳೇ ಹೊರತು ಕಥೆಯ ಗೊಡವೆಗೆ ಹೋದವಳಲ್ಲ. ಪ್ರೇಮದ ಕಾದಂಬರಿಯಾದರೇನು, ಮೋಟಾರು ರಿಪೇರಿಯ ಪುಸ್ತಕವಾದರೇನು, ಅವಳ ಪಾಲಿಗೆ ಎಲ್ಲವೂ ಹ್ರಸ್ವ, ದೀರ್ಘ, ಅಲ್ಪವಿರಾಮ.

ಅಂಥವಳ ಮೇಜಿಗೆ ಅಮೆರಿಕದ ಎರಡು ಕಾದಂಬರಿಗಳ ಅನುವಾದಗಳು ಒಟ್ಟಿಗೇ ಬಂದವು. ಒಂದರಲ್ಲಿ ದೊಡ್ಡ ಮನೆಯ ಸೊಸೆಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಡುತ್ತಾಳೆ. ಗಂಡ ಅವಳನ್ನು ಆಸ್ಪತ್ರೆಗೆ ಸೇರಿಸಿ, ಕೇಳಿದವರಿಗೆಲ್ಲ ಪ್ರವಾಸಕ್ಕೆ ಹೋಗಿದ್ದಾಳೆ ಎನ್ನುತ್ತಾನೆ. ಕೊನೆಗೆ ಅವಳು ಹಿಮದಲ್ಲಿ ನಡೆದುಹೋಗಿ ಮರಳುವುದೇ ಇಲ್ಲ. ಇನ್ನೊಂದರಲ್ಲಿ ಒಬ್ಬ ಟೈಪಿಸ್ಟ್. ನಿದ್ದೆ ಬಿಟ್ಟು, ಹಾಡಿಕೊಂಡು ತಿರುಗುತ್ತಾಳೆ, ಅಂಗಡಿಯ ಟೋಪಿಗಳನ್ನೆಲ್ಲ ಕೊಂಡು ದಾರಿಹೋಕರ ತಲೆಗೆ ಇಡುತ್ತಾಳೆ. ಅವಳ ಕಥೆ ಬೀಗ ಹಾಕಿದ ವಾರ್ಡಿನಲ್ಲಿ ಮುಗಿಯುತ್ತದೆ.

ಕಾಗುಣಿತಮ್ಮನ ಕೈ ಮೊದಲ ಸಲ ತಪ್ಪಿತು. ಯಾರ ಕಷ್ಟ ಹೆಚ್ಚು? ಬಾಯಿ ಮುಚ್ಚಿದವಳದೋ, ಬಾಯಿ ಮುಚ್ಚಲಾಗದವಳದೋ? ಅದನ್ನೇ ತೂಗಿ ನೋಡುತ್ತಾ ಕೂತವಳಿಗೆ ಅಕ್ಷರ ಕಾಣಲಿಲ್ಲ.

"ಏನಮ್ಮಾ, 'ಹುಚ್ಚು' ಅನ್ನೋ ಪದಕ್ಕೇ ಒತ್ತು ಬಿಟ್ಟಿದೀರಲ್ಲ!" ಎಂದು ಯಂತ್ರ ನಡೆಸುವವನು ನಕ್ಕ.

ಅವಳಿಗೆ ನಗು ಬರಲಿಲ್ಲ. ಅವಳ ಅಕ್ಕ ಹರೆಯದಲ್ಲಿ ಎರಡು ಸಲ ಅಂಥ ಆಸ್ಪತ್ರೆಯಲ್ಲಿದ್ದು ಬಂದವಳು. ಈಗ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದಳು, ತಂಗಿಯ ಜೊತೆಗೇ ಇದ್ದಳು. ಮನೆಯಲ್ಲಿ ಆ ಕಾಲಕ್ಕೆ "ಹುಷಾರಿಲ್ಲದಾಗ" ಎಂಬ ಒಂದೇ ಹೆಸರು. ಅದರಾಚೆ ತಂಗಿ ಬಾಯಿ ತೆರೆದವಳಲ್ಲ.

ತಿದ್ದಲೆಂದು ಮನೆಗೆ ತಂದ ಹಾಳೆಗಳನ್ನು ಅಕ್ಕ ಕೇಳಿ ಇಸಿದುಕೊಂಡಳು. ತಂಗಿ ಎರಡೂ ಕಥೆಗಳ ಕೊನೆಯ ಹಾಳೆಗಳನ್ನು ಮೆಲ್ಲಗೆ ದಿಂಬಿನಡಿ ತಳ್ಳಿದಳು.

"ಮುಂದಿಂದು ಎಲ್ಲೇ?"

"ಇನ್ನೂ ಬಂದಿಲ್ಲಕ್ಕಾ."

"ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣೇ. ಕಿವಿ ಕೆಂಪಾಗಿದೆ ನೋಡು."

ಅಕ್ಕ ದಿಂಬೆತ್ತಿ ಹಾಳೆ ತೆಗೆದು ಓದಿದಳು. ಓದಿ ಮುಗಿಸಿ ಮುಖ ಸಿಂಡರಿಸಿದಳು.

"ಮಾತು ಬಿಟ್ಟೋಳು ಯಾವಾಗ ನೋಡಿದ್ರೂ ಕಿಟಕಿ ಹತ್ರ ಚೆಂದಾಗಿ ನಿಂತಿರ್ತಾಳೆ! ನನ್ನ ಕೂದಲು ಗಂಟು ಬಿಡಿಸೋಕಾಗದೆ ಅಮ್ಮ ಕತ್ತರಿ ಹಾಕಿದ್ಲು, ಮರೆತ್ಯಾ?"

"ಟೋಪಿಯವಳು?"

"ಅವಳು ನಂಗಿಷ್ಟ. ಆ ಖುಷಿ ನಿಜ ಕಣೇ, ನಂಗೂ ಬಂದಿತ್ತು. ಇಳಿದ ಮೇಲೆ ಬರೋ ನಾಚಿಕೆ ಇದೆಯಲ್ಲ, ಅದನ್ನೇ ಬರೆದಿಲ್ಲ."

ತಂಗಿ ಧೈರ್ಯ ತಂದುಕೊಂಡಳು. "ಮಾತು ನಿಂತಾಗ... ಹೇಗಿರ್ತಿತ್ತಕ್ಕಾ?"

ಅಕ್ಕ ಅವಳನ್ನೇ ನೋಡಿದಳು. "ಮಾತ್ರೆ ತಗೊಂಡ್ಯಾ ಅಂತ ಎಲ್ಲರೂ ಕೇಳಿದೀರಿ. ಇದನ್ನ ಯಾರೂ ಕೇಳಿರಲಿಲ್ಲ." ಆಮೇಲೆ ಹೇಳಿದಳು: "ಒಂದು 'ಹೂಂ' ಅನ್ನೋಕೂ ಮೂಟೆ ಹೊತ್ತಷ್ಟು ಸುಸ್ತು. ನೀನು ಕರೀತಿದ್ದಿದ್ದು ಕೇಳಿಸ್ತಿತ್ತು. ಸಿಟ್ಟಿರಲಿಲ್ಲ ನಿನ್ನ ಮೇಲೆ."

ಸಿಟ್ಟೆಂದೇ ಇಷ್ಟು ವರ್ಷ ತಿಳಿದಿದ್ದ ತಂಗಿ ಅಕ್ಕನ ಹತ್ತಿರಕ್ಕೆ ಸರಿದು ಕೂತಳು. ಕುತೂಹಲ ಬಿಡಲಿಲ್ಲ. ವಾರ್ಡು ಹೇಗಿತ್ತು, ಅಲ್ಲಿ ಯಾರಾದರೂ ನಗುತ್ತಿದ್ದರೇ, ಮೊದಲ ಸಲ ಯಾರು ಕರೆದೊಯ್ದರು? ಅಕ್ಕ ಕೆಲವಕ್ಕೆ ಉತ್ತರ ಕೊಟ್ಟಳು. ಪಕ್ಕದ ಹಾಸಿಗೆಯವಳು ಡಾಕ್ಟರ ನಡಿಗೆಯನ್ನು ಅಣಕಿಸುತ್ತಿದ್ದ ಬಗೆಯನ್ನು ಎದ್ದು ನಿಂತು ಮಾಡಿ ತೋರಿಸಿದಳು. ಕೊನೆಯ ಪ್ರಶ್ನೆಗೆ ಮಾತ್ರ, "ಅದು ಬೇಡ ಬಿಡು," ಎಂದಳು. ತಂಗಿ ಬಿಟ್ಟಳು.

ಅನುವಾದಕರು ಅಚ್ಚುಕೂಟಕ್ಕೆ ಬಂದಾಗ ಅವಳು ಸಂಕೋಚ ಬಿಟ್ಟು ಕೇಳಿದಳು: "ಸಾರ್, ಅಮೆರಿಕದ ಕಡೆ ಇಂಥ ಹೆಂಗಸು ಆಸ್ಪತ್ರೆಯಿಂದ ಮನೆಗೆ ಬಂದು ಬಾಳಿದ ಕಥೆ ಇಲ್ವಾ?"

"ಇವೆಯಮ್ಮ. ಸಪ್ಪೆ ಅಂತ ನಾನೇ ಕೈಗೆತ್ತಿಕೊಳ್ಳಲಿಲ್ಲ," ಎಂದರು ಅವರು. ಅವಳು ಕೇಳಿದ್ದಕ್ಕೇ ಅಂಥದ್ದೊಂದನ್ನು ಅನುವಾದಿಸುತ್ತಾ ಅಧ್ಯಾಯ ಅಧ್ಯಾಯವಾಗಿ ಕಳಿಸತೊಡಗಿದರು. ಅದರ ನಾಯಕಿ ಮಾತ್ರೆ ನುಂಗಿಕೊಂಡು ಶಾಲೆಯ ಬಸ್ಸು ಓಡಿಸುವವಳು. ರಜೆಯ ದಿನ ತಂಗಿ ಓದುತ್ತಾಳೆ, ಅಕ್ಕ ಕೇಳುತ್ತಾಳೆ.

"ಇವಳು ತೀರಾ ಒಳ್ಳೆಯವಳಾಯ್ತು ಕಣೇ. ಒಂದು ದಿನಾನೂ ತಂಗಿ ಮೇಲೆ ರೇಗಲ್ಲ, ನಂಬೋದು ಹೇಗೆ?" ಎಂದು ಅಕ್ಕ ಗೊಣಗಿದಳು. ಆಮೇಲೆ ಕಾಲು ನೀಡಿ ಗೋಡೆಗೆ ಒರಗಿದಳು. "ಹೂಂ, ಓದು. ಹೋದ ಸಲ ಬಸ್ಸು ಎಲ್ಲಿ ಕೆಟ್ಟು ನಿಂತಿತ್ತು?"