ಹದಿನೆಂಟು ಆಳಿನ ತೂಕ

ಅಂದಾನೆಪ್ಪ ಮೀನಿನ ತೊಟ್ಟಿ ಮಾಡುತ್ತಿದ್ದಾನೆಂದು ಕೇಳಿ ಅಂಬೇವಾಡಿಯ ಮಂದಿ ನಕ್ಕರು. ನಗುವಂಥದ್ದೇ ಬಿಡಿ. ಎಂಟು ಅಡಿ ಉದ್ದದ ಗಾಜಿನ ತೊಟ್ಟಿ, ಅದೂ ಹಲಗೆ ಹಾಸಿದ ಮಹಡಿಯ ಕೋಣೆಯಲ್ಲಿ! ಆತ ಅಣ್ಣಿಗೇರಿ ಕಡೆಯವನು, ಇಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ. ಬಂದವರನ್ನು ಕೂಡ್ರಿಸಿ, ಚಹಾ ಕೊಟ್ಟು ಮಾತಾಡಿಸುತ್ತಿದ್ದವಳು ಹೆಂಡತಿ ಮಾಲವ್ವ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅವಳು ತೀರಿಕೊಂಡಳು. ಆಮೇಲೆ ಎರಡು ವರ್ಷ ಆ ಮೆಟ್ಟಿಲು ಹತ್ತಿದವರಿಲ್ಲ, ಮನೆ ಬಿಕೋ ಎನ್ನುತ್ತಿತ್ತು. ಮೀನು ನೋಡಲಿಕ್ಕಾದರೂ ಯಾರಾದರೂ ಬಂದಾರೆಂಬುದು ಅವನ ಆಸೆ. ಸಣ್ಣ ತೊಟ್ಟಿಯಾದರೆ ನಿಂತು ನೋಡಿ ಹೋಗಿಬಿಡುತ್ತಾರೆ, ದೊಡ್ಡದಾದರೆ ಕೂತು ನೋಡುತ್ತಾರೆ ಎಂದು ಅವನ ಲೆಕ್ಕ.

ನೆಲದ ವಿಷಯವನ್ನು ಮಾತ್ರ ಅವನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನೀರು, ಗಾಜು, ಕಬ್ಬಿಣ ಸೇರಿ ಹದಿನೆಂಟು ಆಳಿನ ತೂಕ. ಭಾರವೆಲ್ಲ ಒಂದೇ ತೊಲೆಯ ಮೇಲೆ ಬೀಳದೆ ಐದು ತೊಲೆಗಳಿಗೂ ಹಂಚಿಹೋಗುವಂತೆ, ಗೋಡೆಗೆ ಒತ್ತಿ ಸುಣ್ಣದ ಗೆರೆ ಎಳೆದು ಜಾಗ ಗುರುತು ಮಾಡಿದ. ಕೆಳಗಿನ ಕೋಣೆಯಲ್ಲಿದ್ದ ಮುದುಕಿ ಕೆಂಚವ್ವನನ್ನು ಒಪ್ಪಿಸಿ, ಆ ತೊಲೆಗಳ ಅಡಿಗೆ ಒಂದು ಅಡ್ಡತೊಲೆ, ಅದಕ್ಕೆ ಎರಡು ಸಾಗವಾನಿ ಕಂಬ, ಕಂಬದ ಬುಡಕ್ಕೆ ಚಪ್ಪಡಿ ಕಲ್ಲು ಕೊಟ್ಟ. ಮುದುಕಿ ಕಂಬಗಳಿಗೆ ಅರಿಷಿಣ ಕುಂಕುಮ ಹಚ್ಚಿದಳು, ಸೀರೆ ಒಣಗಿಸುವ ಹಗ್ಗವನ್ನೂ ಕಟ್ಟಿಕೊಂಡಳು.

"ಇನ್ನ ಮಂದೀನ ನಿಲ್ಲಿಸಿ ನೋಡಬೇಕ್ರಿ ಅವ್ವಾರ," ಎಂದ ಅಂದಾನೆಪ್ಪ. ಅವನ ಊರಿನಲ್ಲಿ ಮಣ್ಣಿನ ಮಾಳಿಗೆ ಹಾಕಿದರೆ ಓಣಿಯವರೆಲ್ಲ ಹತ್ತಿ ತುಳಿದು ನೋಡುತ್ತಿದ್ದರು.

"ಉಸುಕಿನ ಚೀಲ ಹೇರಿದ್ರ ಆಗೂದಿಲ್ಲೇನೋ?"

"ಉಸುಕು ಅಲ್ಲಾಡಂಗಿಲ್ರಿ. ಮಂದಿ ಅಲ್ಲಾಡಿದ್ರನ ತೊಲಿ ಹೆಂಗೈತಿ ಅಂತ ತಿಳೀತೈತಿ."

ಕೆಂಚವ್ವ ಅವನ ಮುಖವನ್ನೊಮ್ಮೆ ನೋಡಿ, ಹಗ್ಗದ ಮೇಲಿನ ಸೀರೆ ತೆಗೆದು ಮಡಚತೊಡಗಿದಳು.

ರವಿವಾರ ಅವನ ಪಾಳಿಯ ಹದಿನೇಳು ಮಂದಿ ಬಂದರು. ಅವನೂ ಸೇರಿ ಹದಿನೆಂಟು. ಸುಣ್ಣದ ಗೆರೆಯೊಳಗೆ ಮೈಗೆ ಮೈ ಒತ್ತಿ ನಿಂತು ಕುಣಿದೇ ಕುಣಿದರು. ತೊಲೆ ಕಿರ್ರೆನ್ನಲಿಲ್ಲ. "ಧೂಳ ಸೈತ ಉದುರಲಿಲ್ಲೋ!" ಎಂದು ಕೆಳಗಿನಿಂದ ಕೆಂಚವ್ವ ಕೂಗಿದಳು. ಚುರಮರಿ, ಮಿರ್ಚಿ ಭಜಿ, ಚಹಾ ಆಯಿತು. ಯಾರೋ ಮಾಲವ್ವನ ಚಹಾ ನೆನೆಸಿದರು. ಆ ಎರಡು ತಾಸಿನಲ್ಲಿ ಅಂದಾನೆಪ್ಪ ಆಡಿದಷ್ಟು ಮಾತು ಎರಡು ವರ್ಷದಲ್ಲಿ ಆಡಿರಲಿಲ್ಲ.

ಮರುದಿನವೇ ನೀರು ತುಂಬಬಹುದಿತ್ತು. ತುಂಬಲಿಲ್ಲ. "ಕಂಬ ಇನ್ನೂ ಸರಿಯಾಗಿ ಕುಂತಿಲ್ಲ ಅನಸ್ತೈತಿ. ಬರೂ ರವಿವಾರ ಮತ್ತೊಮ್ಮೆ ಬರ್ರಿ," ಎಂದು ಹದಿನೇಳು ಮಂದಿಗೂ ಹೇಳಿದ. ಎಲ್ಲರೂ ಹೂಂ ಅಂದರು. ಗಟ್ಟಿ ಇರುವ ನೆಲವನ್ನು ಮತ್ತೆ ತುಳಿಯಲು ಯಾರಿಗೆ ಪುರಸೊತ್ತು? ಆ ರವಿವಾರ ಚುರಮರಿ ಮೆತ್ತಗಾಗುವವರೆಗೂ ಅವನ ಬಾಗಿಲು ತೆರೆದೇ ಇತ್ತು.

ಸಂಜೆ ಮೆಟ್ಟಿಲ ಮೇಲೆ ನಿಧಾನವಾಗಿ ಸಪ್ಪಳವಾಯಿತು. ಎಂದೂ ಮಹಡಿ ಹತ್ತದ ಕೆಂಚವ್ವ ಕೋಲೂರಿಕೊಂಡು ಬಂದು, ಸುಣ್ಣದ ಗೆರೆಯ ನಟ್ಟನಡುವೆ ನಿಂತಳು.

"ನನ್ನೊಬ್ಬಾಕಿ ತೂಕದಾಗ ಏನ್ ತಿಳೀತೈತೋ ತಮ್ಮಾ?"

"ತಿಳೀತೈತ್ರಿ ಅವ್ವಾರ," ಎಂದ ಅಂದಾನೆಪ್ಪ. "ಹಂಗ ಸ್ವಲ್ಪ ಹೊತ್ತು ನಿಲ್ರಿ."